ಕೊಯ್ದು ತೋರಿಸಿದ ಕಿಡ್ನಿ

ಆ ಸ್ಲೈಡು ನನ್ನ ಮೇಜಿನ ಮೇಲಿನ ತಟ್ಟೆಯಲ್ಲಿ ಎರಡು ದಿನ ಸುಮ್ಮನೆ ಬಿದ್ದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬೇರೆಯವರನ್ನು ಬಾಯಿಗೆ ಬಂದ ಹಾಗೆ ಬೈಯುವವಳಿದ್ದೇನೆ.

ನಾನು ಪುಣೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ರೋಗಿಯ ಮೈಯಿಂದ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗದ ಹೆಸರು ಹೇಳುವುದು ನನ್ನ ಕೆಲಸ. ರೋಗಿಯ ಮುಖ ನೋಡುವ ಪ್ರಸಂಗ ನಮಗೆ ಬರುವುದೇ ಇಲ್ಲ, ಚೀಟಿಯೇ ನಮಗೆ ರೋಗಿ. ಆ ಸ್ಲೈಡಿನ ಜೊತೆ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ವಯಸ್ಕ ಮಹಿಳೆ, ಎಡ ಕಿಡ್ನಿಯ ಕ್ಯಾನ್ಸರ್, ಬೇರೆ ಕಡೆ ಆಪರೇಷನ್ ಆಗಿದೆ, ಹೊರಗಿನ ವರದಿ ಖಾತ್ರಿ ಮಾಡಿಕೊಡಿ. ದೊಡ್ಡವರ ಕಿಡ್ನಿ ಕ್ಯಾನ್ಸರ್ ಎಂದರೆ ಸಾಮಾನ್ಯವಾಗಿ ಗಡ್ಡೆ ತೆಗೆದ ಮೇಲೆ ಅವಸರದ ಕೆಲಸ ಏನೂ ಇರುವುದಿಲ್ಲ. ಹಾಗಾಗಿ ಅದನ್ನು ತಟ್ಟೆಯ ಅಡಿಗೆ ತಳ್ಳಿ ಬೇರೆ ಕೆಲಸ ಹಿಡಿದೆ.

ಮೂರನೆಯ ದಿನ ನೋಡಿದೆ. ಕಣ್ಣಿಟ್ಟ ಕೂಡಲೇ ಕೈ ನಿಂತುಹೋಯಿತು. ಒತ್ತೊತ್ತಾಗಿ ತುಂಬಿದ ಸಣ್ಣ ನೀಲಿ ಜೀವಕಣಗಳು, ಒಂದು ಮೂಲೆಯಲ್ಲಿ ಅವೇ ಕಣಗಳು ಸಾಲುಗಟ್ಟಿ ಕೊಳವೆಯಾಗಲು ಹೊರಟು ಅರ್ಧಕ್ಕೇ ನಿಂತಿವೆ. ಈ ಚಿತ್ರ ನನಗೆ ಚೆನ್ನಾಗಿ ಪರಿಚಯ. ಮೂರು ವರ್ಷದ, ನಾಲ್ಕು ವರ್ಷದ ಕೂಸುಗಳ ಕಿಡ್ನಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಸಿರಿನಲ್ಲಿ ಕಿಡ್ನಿ ರೂಪುಗೊಳ್ಳುವಾಗ ಇರಬೇಕಾದ ಕಣಗಳು ಹುಟ್ಟಿದ ಮೇಲೂ ಉಳಿದು ಗಡ್ಡೆಯಾಗುವ ರೋಗ ಅದು, ವಿಲ್ಮ್ಸ್ ಗಡ್ಡೆ. ದೊಡ್ಡವರಲ್ಲಿ ಬಹಳ ಅಪರೂಪ. ಅಪರೂಪ ಅಂದರೆ ಇಲ್ಲವೇ ಇಲ್ಲ ಎಂದಲ್ಲವಲ್ಲ!

ಹೊರಗಿನ ವರದಿ ತೆಗೆದು ಓದಿದೆ. ಎರಡೇ ಸಾಲು. ದೊಡ್ಡವರಿಗೆ ಬರುವ ಮಾಮೂಲು ಕಿಡ್ನಿ ಕ್ಯಾನ್ಸರಿನ ಹೆಸರು, ಕೆಳಗೊಂದು ಸಹಿ. ತೆಂಗಿನಕಾಯಿ ಗಾತ್ರದ ಗಡ್ಡೆಯಿಂದ ಅವರು ನೋಡಿದ್ದು ಒಂದೇ ಒಂದು ತುಂಡು. ವಯಸ್ಸಿನ ಜಾಗ ಖಾಲಿ. ನೋಂದಣಿ ಕೌಂಟರಿಗೆ ಫೋನ್ ಹಚ್ಚಿ ಕೇಳಿದರೆ ಇಪ್ಪತ್ತಮೂರು ಎಂದರು. ಬಿಡುಗಡೆ ಚೀಟಿಯಲ್ಲಿ, "ಗಡ್ಡೆ ಪೂರ್ತಿ ತೆಗೆಯಲಾಗಿದೆ, ಮೂರು ತಿಂಗಳ ನಂತರ ತಪಾಸಣೆಗೆ ಬರುವುದು" ಎಂದಿತ್ತು. ಮೂರು ತಿಂಗಳು! ಈ ರೋಗಕ್ಕೆ ಆಪರೇಷನ್ ಆದ ಎರಡು ವಾರದೊಳಗೆ ಔಷಧಿ ಶುರುವಾಗಬೇಕು. ತಡವಾದಷ್ಟೂ ಅದು ಶ್ವಾಸಕೋಶಕ್ಕೆ ನೆಗೆಯುತ್ತದೆ. ಆಗಲೇ ಹನ್ನೊಂದು ದಿನ ಕಳೆದಿದ್ದವು, ಅದರಲ್ಲಿ ಎರಡು ನನ್ನ ಲೆಕ್ಕಕ್ಕೆ. ಎದ್ದು ನಿಂತು ಯಾರನ್ನು ಬೈಯಬೇಕೋ ತಿಳಿಯದೆ ಮತ್ತೆ ಕೂತೆ.

ಸ್ಲೈಡು ತಂದುಕೊಟ್ಟವನು ರೋಗಿಯ ಅಣ್ಣ. ಯಾದಗಿರಿ ಕಡೆಯವರು, ಪುಣೆಯ ಹೊರಗೆ ಕಾರ್ಖಾನೆಗಳಿರುವ ರಾಂಜಣಗಾಂವದಲ್ಲಿ ಇರುತ್ತಾರೆ. ಅವನು ಕಾರ್ಖಾನೆಗಳ ಶೆಡ್ಡು ಕಟ್ಟುವ ಕೆಲಸದವನು, ತಂಗಿ ಅಲ್ಲೇ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಬಿಡಿಭಾಗ ಜೋಡಿಸುವವಳು. ಕರೆಸಿದೆ. ನನ್ನದು ವಿಜಯಪುರ ಎಂದು ಗೊತ್ತಾದೊಡನೆ ಅವನ ಮುಖ ಸಡಿಲವಾಯಿತು.

"ಉಳಿದ ಗಡ್ಡಿ ಎಲ್ಲಿ ಅದ? ಆ ದವಾಖಾನ್ಯಾಗ ಇಟ್ಟಾರೇನು?" ಎಂದು ಕೇಳಿದೆ.

"ಇಲ್ರಿ ಅಕ್ಕಾರ. ನಮ್ಮ ರೂಮಿನಾಗ ಅದ. ಕಾಟಿನ ಕೆಳಗ ಇಟ್ಟೀನ್ರಿ."

"ಏನಂದಿ?"

"ಕಿಡ್ನಿರೀ. ಒಂದು ತುಂಡು ಲ್ಯಾಬಿಗೆ ಕಳಿಸಿ ಉಳದದ್ದು ಬರಣಿಯೊಳಗ ಹಾಕಿ ಕೊಟ್ರು. ಎಲ್ಲರ ಹುಗದುಬಿಡು ಅಂದ್ರು. ನಾ ಹುಗೀಲಿಲ್ರಿ. ನಾಳಿಗಿ ಊರಾಗ ಯಾರರ, ತಂಗಿ ಕಿಡ್ನಿ ಮಾರಿಕೊಂಡು ತಿಂದ ಮಗ ಅಂದ್ರ, ತೋರ್ಸಾಕ ಏನರ ಬೇಕಲ್ರಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೂರದ ಊರಿಗೆ ದುಡಿಯಲು ಹೋದವರ ಕಿಡ್ನಿ ಕದಿಯುತ್ತಾರೆ ಎಂಬ ಮಾತು ನಮ್ಮ ಕಡೆಯ ಪ್ರತಿ ಹಳ್ಳಿಯಲ್ಲೂ ಇದೆ. ಆ ಹೆದರಿಕೆ ಎರಡೂ ಕಡೆ ಉಂಟು. ಸಣ್ಣ ಆಸ್ಪತ್ರೆಗಳ ಸರ್ಜನ್ನರು ಆಪರೇಷನ್ ಮುಗಿಸಿದ ಕೂಡಲೇ ತೆಗೆದ ಅಂಗವನ್ನು ಟ್ರೇನಲ್ಲಿಟ್ಟುಕೊಂಡು ಬಾಗಿಲಿಗೆ ಬಂದು ಮನೆಯವರಿಗೆ ತೋರಿಸುವುದು ಇದಕ್ಕೇ. ನೋಡಿಕೊಳ್ಳಿ, ಕೆಟ್ಟದ್ದನ್ನೇ ತೆಗೆದಿದ್ದೇವೆ, ನಾಳೆ ಬಂದು ಗಲಾಟೆ ಮಾಡಬೇಡಿ ಎಂಬ ಅರ್ಥ.

ಮರುದಿನ ಬೆಳಿಗ್ಗೆ ಅವನು ಬಸ್ಸಿನಲ್ಲಿ ಬರಣಿಯನ್ನು ಕಾಲ ನಡುವೆ ಇಟ್ಟುಕೊಂಡು ಬಂದ. ಮುಚ್ಚಳ ತೆಗೆದೆ. ಕೊಳೆಯದಂತೆ ಹಾಕುವ ಫಾರ್ಮಲಿನ್ ಅರ್ಧ ಬರಣಿಯೂ ಇರಲಿಲ್ಲ, ಮೇಲಿನ ಭಾಗ ಒಣಗಿ ಕಪ್ಪಾಗಿತ್ತು. ಅದನ್ನಾದರೂ ಸಹಿಸಬಹುದಿತ್ತು. ಗಡ್ಡೆಯನ್ನು ನಡುವಿಗೆ ಸರಿಯಾಗಿ ಕೊಯ್ದು ಎರಡು ಹೋಳು ಮಾಡಿದ್ದರು.

"ಯಾರ್ ಕೊಯ್ದಾರ ಇದನ್ನ? ಕಲ್ಲಂಗಡಿ ಹಣ್ಣಂತ ತಿಳದೀರೇನು? ಮನಿಯಾಗ ಇಟ್ಕೊಂಡು ಕೊಯ್ದು ನೋಡೀರೇನು ನೀವು?" ಎಂದು ಕೂಗಿಬಿಟ್ಟೆ. ಪಕ್ಕದ ಕೋಣೆಯವರೆಲ್ಲ ಇಣುಕಿದರು.

"ನಾ ಮುಟ್ಟಿಲ್ರಿ ಅಕ್ಕಾರ. ದೇವರಾಣಿ, ಮುಚ್ಚಳಾನ ತಗದಿಲ್ಲ," ಎಂದವನೇ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಏನು ಕೇಳಿದರೂ ಬರೀ ತಲೆಯಾಡಿಸಿದ. ನನ್ನ ಬಾಯಿ ಕೆಟ್ಟದ್ದು ಎಂದು ಮನೆಯಲ್ಲಿ ಸುಮ್ಮನೆ ಹೇಳುವುದಿಲ್ಲ. ಅವತ್ತು ಮೆತ್ತಗೆ ಕೇಳಿದ್ದರೆ ಮುಂದಿನ ಒಂದು ವಾರ ಉಳಿಯುತ್ತಿತ್ತು.

ಕೊಯ್ದರೆ ಏನಾಯಿತು ಎನ್ನಬಹುದು. ಈ ಗಡ್ಡೆಗೆ ಸುತ್ತ ಒಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆ ಇಡಿಯಾಗಿ ಹೊರಗೆ ಬಂತೋ ಇಲ್ಲ ಒಳಗೇ ಒಡೆಯಿತೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಇಡಿಯಾಗಿ ಬಂದಿದ್ದರೆ, ಬೇರೆಲ್ಲೂ ರೋಗ ಇಲ್ಲದಿದ್ದರೆ, ಎರಡು ಔಷಧಿ ಸಾಕು. ಒಡೆದಿದ್ದರೆ ಮೂರನೆಯ ಔಷಧಿ ಬೇಕು, ಆ ಪಕ್ಕೆಗೆ ವಿಕಿರಣವೂ ಬೇಕು. ಒಡೆದು ಒಳಗಿನದು ಹೊಟ್ಟೆಯ ತುಂಬಾ ಹರಡಿದ್ದರೆ ಇಡೀ ಹೊಟ್ಟೆಗೇ ವಿಕಿರಣ, ಆಗ ಇಪ್ಪತ್ತಮೂರರ ಹುಡುಗಿಗೆ ಮಕ್ಕಳ ಆಸೆ ಅಲ್ಲಿಗೆ ಮುಗಿದಂತೆ. ಒಡೆದದ್ದನ್ನು ಒಡೆದಿಲ್ಲ ಎಂದುಕೊಂಡು ಕಡಿಮೆ ಕೊಟ್ಟರೆ ರೋಗ ಮರಳಿ ಬರುತ್ತದೆ. ಅದಕ್ಕೇ ನಾವು ಇಂಥ ಗಡ್ಡೆ ಬಂದರೆ ಮೊದಲು ಹೊರಮೈಗೆಲ್ಲ ಮಸಿ ಬಳಿದು ಆಮೇಲೆ ಚಾಕು ಹಚ್ಚುತ್ತೇವೆ. ಮಸಿ ಇದ್ದರೆ ಹೊರಗಿನ ಅಂಚು ಯಾವುದು, ಚಾಕುವಿನ ಗೆರೆ ಯಾವುದು ಎಂದು ತಿಳಿಯುತ್ತದೆ. ಇಲ್ಲಿ ಮಸಿ ಇಲ್ಲ, ಪೊರೆ ಮಡಚಿಕೊಂಡು ಒಣಗಿದೆ, ಕೆಳತುದಿಯಲ್ಲಿ ಒಂದು ಕಡೆ ಅಂಚು ಚಿಂದಿಯಾಗಿದೆ. ಅದು ತಾನಾಗಿ ಒಡೆದದ್ದೋ ಚಾಕು ಎಳೆದದ್ದೋ ದೇವರಿಗೇ ಗೊತ್ತು.

ಆದಷ್ಟು ಮಾಡಿದೆ. ಹೊಸ ಫಾರ್ಮಲಿನ್‌ನಲ್ಲಿ ಒಂದು ದಿನ ನೆನೆಸಿ, ತೆಳುವಾಗಿ ಹೋಳು ಮಾಡಿ, ಬೇರೆ ಬೇರೆ ಜಾಗದಿಂದ ಮೂವತ್ತಕ್ಕೂ ಹೆಚ್ಚು ತುಂಡು ತೆಗೆದೆ. ಲ್ಯಾಬಿನ ಹುಡುಗಿಯರು ಭಾನುವಾರವೂ ಬಂದು ಸ್ಲೈಡು ಮಾಡಿಕೊಟ್ಟರು. ನೀಲಿ ಕಣಗಳು, ಅರೆಬರೆ ಕೊಳವೆಗಳು, ನಡುವೆ ಎಳೆ ಎಳೆಯಾದ ಅಂಗಾಂಶ, ಮೂರೂ ಸಿಕ್ಕವು. ಖಾತ್ರಿಗೆ ಹಾಕಿದ ವಿಶೇಷ ಬಣ್ಣವೂ ಹಿಡಿಯಿತು. ರೋಗದ ಅತಿ ಕೆಟ್ಟ ರೂಪ ಎಲ್ಲೂ ಇರಲಿಲ್ಲ, ಅದೊಂದೇ ಸಮಾಧಾನ. ಹದಿನೈದನೆಯ ದಿನ ವರದಿಗೆ ಸಹಿ ಹಾಕಿದೆ.

ಇಷ್ಟಾದ ಮೇಲೆ ದಾರಿ ಸಲೀಸು ಎಂದುಕೊಂಡೆ. ಎಲ್ಲಿಯ ಸಲೀಸು! ಮಕ್ಕಳ ಕ್ಯಾನ್ಸರ್ ವಿಭಾಗದ ಡಾಕ್ಟರು ಮೈಸೂರಿನವರು, ಇನ್ನೂ ಸಣ್ಣ ವಯಸ್ಸು, ಈ ರೋಗವನ್ನು ಅರೆದು ಕುಡಿದವರು. ಸ್ಲೈಡು ನೋಡಿ ಹೇಳಿದರು: "ಮೇಡಂ, ಇದು ಹಂಡ್ರೆಡ್ ಪರ್ಸೆಂಟ್ ನಮ್ಮ ಕೇಸು. ಆದ್ರೆ ಹದಿನೆಂಟು ದಾಟಿದವ್ರನ್ನ ನಮ್ಮ ವಾರ್ಡಿಗೆ ತಗೊಳ್ಳೋ ಹಾಗಿಲ್ಲ. ಸಿಸ್ಟಮ್ಮೇ ತಗೊಳ್ಳಲ್ಲ."

ದೊಡ್ಡವರ ಕ್ಯಾನ್ಸರ್ ಡಾಕ್ಟರಿಗೆ ಈ ರೋಗವನ್ನು ತಮ್ಮ ವಾರ್ಡಿನಲ್ಲಿ ಕಂಡು ಗೊತ್ತಿಲ್ಲ. ಹೊರಗಿನ ವರದಿಯ ಪ್ರಕಾರವೇ ಹೋಗಿ ಮೂರು ತಿಂಗಳು ಕಾದು ನೋಡೋಣವೇ ಎಂದು ನನ್ನನ್ನೇ ಕೇಳಿದರು! ಇತ್ತ ಆಫೀಸಿನ ಕಂಪ್ಯೂಟರಿನಲ್ಲಿ ರೋಗದ ಹೆಸರು ಒತ್ತಿದರೆ ವಯಸ್ಸು ತಪ್ಪು ಎನ್ನುತ್ತದೆ, ವಯಸ್ಸು ಒತ್ತಿದರೆ ರೋಗದ ಹೆಸರು ತಪ್ಪು ಎನ್ನುತ್ತದೆ. ಫೈಲು ಎರಡು ಸಲ ವಾಪಸು ಬಂತು. ನನಗೆ ರೇಗಿಹೋಯಿತು. ಫೈಲು ಹಿಡಿದುಕೊಂಡು ಸೀದಾ ಅಧೀಕ್ಷಕರ ಕೋಣೆಗೆ ನುಗ್ಗಿ, "ರೋಗಕ್ಕೆ ಜನ್ಮದಾಖಲೆ ಓದಲು ಬರುವುದಿಲ್ಲ ಸಾಹೇಬರೇ, ಅದು ನಿಮ್ಮ ರೂಲು ಕೇಳಿ ಬರಲಿಲ್ಲ," ಎಂದೆ. ಅವರು ನೀರು ಕೊಟ್ಟು ಕೂರಿಸಿದರು. ಕೊನೆಗೆ ಹಾಸಿಗೆ ದೊಡ್ಡವರ ವಾರ್ಡಿನದು, ಔಷಧಿ ಬರೆಯುವುದು ಮಕ್ಕಳ ಡಾಕ್ಟರು, ಸಹಿ ಇಬ್ಬರದೂ ಎಂದಾಯಿತು. ಹದಿನೇಳನೆಯ ದಿನ ಮೊದಲ ಔಷಧಿ ಹನಿಯಿತು.

ಮೊದಲೆರಡು ವಾರದ ಔಷಧಿ ಎರಡೂ ದಾರಿಗೆ ಒಂದೇ. ಆಮೇಲೆ ದಾರಿ ಕವಲೊಡೆಯುತ್ತದೆ, ಅಷ್ಟರಲ್ಲಿ ಪೊರೆಯ ವಿಷಯ ತೀರ್ಮಾನ ಆಗಬೇಕು. ಸಭೆ ಸೇರಿದೆವು. ಸರ್ಜನ್ನರ ಆಪರೇಷನ್ ಟಿಪ್ಪಣಿಯಲ್ಲಿ "ಗಡ್ಡೆಯನ್ನು ಇಡಿಯಾಗಿ ತೆಗೆಯಲಾಯಿತು" ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಫೋನ್ ಮಾಡಿದಾಗಲೂ ಅವರು ಅದನ್ನೇ ಹೇಳಿದ್ದರು. ಸುತ್ತ ಕೂತವರೆಲ್ಲ ಬರೆದದ್ದು ಇದೆಯಲ್ಲ, ನಂಬೋಣ ಎಂದರು. ವಿಕಿರಣ ತಪ್ಪಿದರೆ ಹುಡುಗಿಗೂ ಒಳ್ಳೆಯದು. ನಾನು ಮಾತ್ರ ಹೇಳಲು ಬರುವುದಿಲ್ಲ ಎಂದೇ ಕೂತೆ.

"ಮೇಡಂ, ಏನಾದ್ರೂ ಒಂದು ಹೇಳಿ. ಕಾಯೋಕೆ ಟೈಮಿಲ್ಲ," ಎಂದರು ಮಕ್ಕಳ ಡಾಕ್ಟರು.

ಅವನನ್ನು, ಆ ಅಣ್ಣನನ್ನು, ಮತ್ತೆ ಕರೆಸಿದೆ. ಈ ಸಲ ಚಹಾ ತರಿಸಿ, ಕುರ್ಚಿ ಎಳೆದು ಎದುರಿಗೆ ಕೂರಿಸಿಕೊಂಡೆ. ಮೊದಲು, ಅವತ್ತು ಬೈದದ್ದು ನನ್ನ ತಪ್ಪು ತಮ್ಮಾ ಎಂದೆ. ಆಮೇಲೆ ಕೇಳಿದೆ, "ಡಾಕ್ಟರು ಕಿಡ್ನಿ ಹೊರಗ ತಂದು ತೋರಿಸಿದಾಗ ಅದು ಹೆಂಗ ಇತ್ತು? ಇಡೀ ಇತ್ತೋ, ಕೊಯ್ದಿತ್ತೋ?"

"ಅವರ ಕೊಯ್ದು ತೋರ್ಸಿದ್ರು ನಮ್ಮ ಮುಂದ. ಅಪ್ಪ ಊರಾಗ ಇದ್ದ, ನಂಬೂದಿಲ್ಲ ಅವ. ಅದಕ್ಕ ಫೋನಿನಾಗ ವಿಡಿಯೋ ಹೊಡಕೊಂಡೀನಿ. ನೋಡ್ತೀರೇನ್ರಿ?"

ವಾರದಿಂದ ಆ ಫೋನು ಅವನ ಕಿಸೆಯಲ್ಲಿ ನನ್ನ ಬಾಗಿಲ ಮುಂದೆಯೇ ಓಡಾಡಿತ್ತು. ಹಣೆ ಚಚ್ಚಿಕೊಂಡೆ.

ಒಂದು ನಿಮಿಷದ ವಿಡಿಯೋ. ಸ್ಟೀಲಿನ ಟ್ರೇ, ಅದರಲ್ಲಿ ಗಡ್ಡೆ, ಇನ್ನೂ ಯಾರೂ ಕೊಯ್ದಿಲ್ಲ. ಗವಸು ಹಾಕಿದ ಕೈ ಅದನ್ನು ತಿರುಗಿಸುತ್ತದೆ. ಕೆಳತುದಿಯಲ್ಲಿ ಬಟ್ಟೆ ಒತ್ತಿದ್ದಾರೆ. ಬಟ್ಟೆ ಜಾರಿದಾಗ ಅಲ್ಲಿ ಒಂದು ಸೀಳು, ಅದರಿಂದ ಕಂದು ನೀರು ಜಿನುಗುತ್ತಿದೆ. ಚಾಕು ಬರುವುದು ಇದಾದ ಮೇಲೆ. ಅಷ್ಟೇ ಆಗಿದ್ದರೂ ಸಾಕಿತ್ತು. ಸರ್ಜನ್ನರ ದನಿಯೂ ಅದರಲ್ಲಿ ಇತ್ತು, ಹಿಂದಿಯಲ್ಲಿ: "ನಿಕಾಲ್ತೇ ಟೈಮ್ ಥೋಡಾ ಫಟ್ ಗಯಾ, ಕುಛ್ ನಹೀ, ಸಾಫ್ ಕರ್ ದಿಯಾ." ತೆಗೆಯುವಾಗ ಸ್ವಲ್ಪ ಒಡೆಯಿತು, ಏನಿಲ್ಲ, ಸ್ವಚ್ಛ ಮಾಡಿದ್ದೇವೆ! ಬಾಗಿಲಲ್ಲಿ ನಿಂತ ಕೂಲಿಯವನಿಗೆ ಹೇಳಿದ ಸತ್ಯವನ್ನು ಆ ಮನುಷ್ಯ ಕಾಗದದ ಮೇಲೆ ಬರೆಯಲಿಲ್ಲ. ಫೋನಿನಲ್ಲಿ ನನಗೂ ಸುಳ್ಳು ಹೇಳಿದ.

ಸರ್ಜನ್ನನಿಗೆ ಮತ್ತೆ ಫೋನ್ ಹಚ್ಚಿದೆ. ಮರಾಠಿಯಲ್ಲಿ ಶುರುವಿಗೆ ಅದೇ ಹಾಡು, ಇಡಿಯಾಗಿ ಬಂತು ಮ್ಯಾಡಮ್, ಬರೆದಿದ್ದೇನಲ್ಲ ಎಂದು. "ನಿಮ್ಮದೇ ದನಿಯ ವಿಡಿಯೋ ನನ್ನ ಎದುರಿಗಿದೆ," ಎಂದೆ.

ಆಗ ಬಾಯಿ ತುಂಬಾ ಬೈದುಬಿಡಬೇಕಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನಗೆ ಅವನಿಂದ ಇನ್ನೊಂದು ಮಾತು ಬೇಕಾಗಿತ್ತು. ಒಡೆದದ್ದು ಹೊಟ್ಟೆಯೊಳಗೆ ಎಲ್ಲಿಯವರೆಗೆ ಹರಿಯಿತು? ಆ ಪಕ್ಕೆಯಲ್ಲೇ ನಿಂತಿತೋ, ಕರುಳಿನ ನಡುವೆಲ್ಲ ಹೋಯಿತೋ? ಅದನ್ನು ಕಂಡವನು ಅವನೊಬ್ಬನೇ. ಬೈದರೆ ಬಾಯಿ ಮುಚ್ಚಿಕೊಳ್ಳುತ್ತಾನೆ, ಆಗ ಹೆಚ್ಚಿನದನ್ನೇ ಹಿಡಿದು ಇಡೀ ಹೊಟ್ಟೆಗೆ ವಿಕಿರಣ ಕೊಡಬೇಕಾಗುತ್ತದೆ.

"ನೀವು ದೂರು ಕೊಡುತ್ತೀರಾ?" ಎಂದು ಕೇಳಿದ.

"ನಿಜ ಬರೆದು ಕಳಿಸಿ. ನಾನು ಕೊಡುವುದಿಲ್ಲ," ಎಂದೆ. ನನ್ನ ದನಿ ನನಗೇ ಹೇಸಿಗೆಯಾಯಿತು.

ಸಂಜೆಗೆ ಪತ್ರ ಬಂತು. ಎತ್ತುವಾಗ ಕೆಳತುದಿ ಸೀಳಿತು, ಸೋರಿದ್ದು ಕಿಡ್ನಿ ಇದ್ದ ಜಾಗದಲ್ಲೇ ನಿಂತಿತ್ತು, ಕರುಳನ್ನು ಸುತ್ತಿದ ಪೊರೆಯನ್ನು ನಾವು ತೆರೆದೇ ಇರಲಿಲ್ಲ, ಅಲ್ಲೇ ತೊಳೆದೆವು. ಆಪರೇಷನ್ನಿನ ಗಾಯ ಹೊಟ್ಟೆಯ ಮುಂದೆ ಅಲ್ಲ, ಪಕ್ಕೆಯಲ್ಲಿದೆ ಎಂದು ವಾರ್ಡಿನವರು ಹೇಳಿದರು, ನಮ್ಮ ಸ್ಕ್ಯಾನೂ ಆ ಮಾತಿಗೆ ಹೊಂದಿತು. ವರದಿಗೆ ಒಂದು ಸಾಲು ಸೇರಿಸಿದೆ: ಕೊಯ್ಯುವ ಮೊದಲೇ ಪೊರೆ ಒಡೆದಿರುವುದು ಮನೆಯವರ ವಿಡಿಯೋದಲ್ಲಿ ಕಂಡಿದೆ. ನಮ್ಮ ವಿಭಾಗದ ಮುಖ್ಯಸ್ಥರು, ಮೊಬೈಲ್ ನೋಡಿ ವರದಿ ಬರೆಯುವುದು ಯಾವ ಪದ್ಧತಿ ಎಂದು ಗೊಣಗಿದರು. ಟ್ರೇ ಹಿಡಿದು ಬಾಗಿಲಲ್ಲಿ ಕೊಯ್ಯುವುದು ಯಾವ ಪದ್ಧತಿ ಎಂದೆ. ಅವರು ಸಾಲು ಅಳಿಸಲಿಲ್ಲ.

ಪಕ್ಕೆಗಷ್ಟೇ ವಿಕಿರಣ, ಮೂರು ಔಷಧಿ, ಸುಮಾರು ಆರು ತಿಂಗಳು. ಮಕ್ಕಳು ತಡೆದುಕೊಳ್ಳುವ ಔಷಧಿ ದೊಡ್ಡವರ ನರಗಳನ್ನು ಹಿಂಡುತ್ತದೆ. ಹುಡುಗಿಗೆ ಪಾದ ಎತ್ತಿಡಲು ಆಗುತ್ತಿಲ್ಲ, ಬೆರಳು ಜೋಮು ಹಿಡಿದಿವೆ ಎಂದು ಮಕ್ಕಳ ಡಾಕ್ಟರು ಊಟದ ಹೊತ್ತಿಗೆ ಹೇಳುತ್ತಿದ್ದರು. ಒಮ್ಮೆ ಪ್ರಮಾಣ ಇಳಿಸಿದರು, ಒಮ್ಮೆ ಜ್ವರ ಬಂದು ಎಂಟು ದಿನ ಮಲಗಿದಳು. ನಾನು ಒಂದು ಸಲವೂ ವಾರ್ಡಿಗೆ ಹೋಗಿ ನೋಡಲಿಲ್ಲ. ನಮಗೆ ಆ ರೂಢಿಯೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಕೊನೆಯ ಸ್ಕ್ಯಾನ್ ಸ್ವಚ್ಛವಾಗಿ ಬಂದ ದಿನ ಅವಳೇ ನನ್ನ ಕೋಣೆಗೆ ಬಂದಳು, ಹಿಂದೆ ಅಣ್ಣ ಪೇಢೆಯ ಡಬ್ಬಿ ಹಿಡಿದು. ತಲೆಗೆ ಓಢಣಿ, ತೆಳ್ಳಗಿನ ಮೈ, ನೋಟ ಮಾತ್ರ ನೆಟ್ಟಗೆ. ಅಣ್ಣ ಖುಷಿಯಲ್ಲಿದ್ದ. ಒಂದು ಡಬ್ಬಿ ಆ ಸರ್ಜನ್ನರಿಗೂ ಕೊಟ್ಟು ಬರುವವನಿದ್ದ. "ಪ್ರಾಮಾಣಿಕ ಮನುಷ್ಯ ಅವ್ರು. ಕದೀಲಿಲ್ಲ, ಮುಂದ ತಂದು ತೋರ್ಸಿದ್ರು," ಎಂದ.

ಹುಡುಗಿ ಕೂರಲಿಲ್ಲ. "ಅಕ್ಕಾರ, ಒಂದು ಮಾತು ಕೇಳ್ತೀನಿ. ಮಕ್ಕಳ ಡಾಕ್ಟರ ಕಡೆ ಒಂದು ಕೂಸು ಬರ್ತದ, ಅದಕ್ಕೂ ಇದ ಬ್ಯಾನಿ. ಗಡ್ಡಿ ಇಡೀ ಬಂದದಂತ, ಅದಕ್ಕ ಕರೆಂಟ್ ಕೊಟ್ಟಿಲ್ಲಂತ ಅದರ ಅವ್ವ ಹೇಳಿದ್ಲು. ನನಗ್ಯಾಕ ಕೊಟ್ರಿ?"

ವಿಕಿರಣಕ್ಕೆ ಅವರು ಕರೆಂಟ್ ಎನ್ನುತ್ತಾರೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಒಡೆದದ್ದು, ಅದನ್ನು ಬರೆಯದೆ ಮುಚ್ಚಿಟ್ಟದ್ದು, ಪತ್ರ, ಎಲ್ಲ ಹೇಳಿದೆ. ಅಣ್ಣ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

"ಒಡದದ್ದು ತಪ್ಪಲ್ಲ ಬಿಡ್ರಿ, ಯಾರ ಕೈಯಾಗರ ಒಡೀತದ," ಎಂದಳು ಅವಳು. "ಮುಚ್ಚಿಟ್ಟಾನಲ್ಲ. ನೀವು ಹುಡುಕದಿದ್ರ ನಾ ಸಾಯ್ತಿದ್ದೆ. ಅವನ ಮ್ಯಾಲ ಏನು ಮಾಡೀರಿ?"

"ಏನೂ ಮಾಡಿಲ್ಲವ್ವಾ. ದೂರು ಕೊಡೂದಿಲ್ಲ ಅಂತ ಮಾತು ಕೊಟ್ಟೀನಿ. ಇಲ್ಲಾಂದ್ರ ನಿಜ ಹೇಳ್ತಿದ್ದಿಲ್ಲ ಅವ."

"ನೀವು ಕೊಟ್ಟೀರಿ. ನನ್ನ ಕೇಳಿ ಕೊಟ್ಟೀರೇನು? ಅಪ್ಪಗ ವಿಡಿಯೋದಾಗ ತೋರ್ಸ್ಯಾರ, ಅಣ್ಣಗ ಹೇಳ್ಯಾರ, ನಿಮಗ ಪತ್ರ ಬರದಾರ. ಹೊಟ್ಟಿ ನಂದಲ್ಲೇನ್ರಿ? ನನಗ ಒಬ್ಬರರ ಹೇಳಬೇಕಂತ ಅನಸಲಿಲ್ಲ ಯಾರಿಗೂ?"

ಆರು ತಿಂಗಳು ಅವಳ ಪರವಾಗಿ ಎಲ್ಲರ ಮೇಲೂ ಕೂಗಾಡಿದ್ದೆ, ಅವಳ ಜೊತೆ ಒಂದು ಮಾತು ಆಡಿರಲಿಲ್ಲ.

"ಒಂದು ಹಾಳಿ ಕೊಡ್ರಿ," ಎಂದಳು. ಕೊಟ್ಟೆ. ಕೂತಳು. ಚಿಕ್ಕಂದಿನಲ್ಲೇ ಈ ಕಡೆ ಬಂದು ಪುಣೆಯ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು, ಮರಾಠಿಯಲ್ಲೇ ದೂರು ಬರೆಯಲು ಶುರು ಮಾಡಿದಳು. ಪೆನ್ನು ಬೆರಳಲ್ಲಿ ನಿಲ್ಲದೆ ಎರಡು ಸಲ ಬಿತ್ತು. ನಾ ಬರೀತೀನಿ ತಾ ಎಂದು ಅಣ್ಣ ಕೈ ಚಾಚಿದರೆ, "ನೀ ಸುಮ್ಮ ಕೂಡು," ಎಂದು ಮುಷ್ಟಿಯಲ್ಲಿ ಹಿಡಿದು ಬರೆದಳು. ತನ್ನ ಹೆಸರು, ಆಸ್ಪತ್ರೆಯ ಹೆಸರು, ಸರ್ಜನ್ನನ ಹೆಸರು. ಅರ್ಧ ಪುಟಕ್ಕೆ ಅರ್ಧ ಗಂಟೆ ಹಿಡಿಯಿತು.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಗೊತ್ತಿದ್ದೂ ಸುಮ್ಮನಿದ್ದವರು ಅಂತ ನಿಮ್ಮ ಹೆಸರೂ ಬರೀಲೇನ್ರಿ ಅಕ್ಕಾರ?"

"ಬರಿ," ಎಂದೆ.